ಹೆಸರು ಕರೆದ ಮೇಲೆ

ತರಬೇತಿಯ ಪತ್ರವಿಲ್ಲದೆ ಇನ್ನು ಕೋವಿಗೆ ಪರವಾನಗಿ ಇಲ್ಲ
ಎಂದು ಅರ್ಜಿಯ ಏಳನೆಯ ಕಲಮು, ಮಲಯಾಳದಲ್ಲಿ.
ಅಕ್ಷಯ ಕೇಂದ್ರದ ಗಾಜಿನ ಈಚೆ ಕೂತು
ದೂಮಣ್ಣ ರೈಗಳಿಗೆ ಅದನ್ನು ಕನ್ನಡದಲ್ಲಿ ಓದಿ ಹೇಳಿದವಳು ನಾನೇ.
"ಹನ್ನೆರಡರಲ್ಲಿ ಕೋವಿ ಹಿಡಿದವನು
ಅರುವತ್ತೊಂಬತ್ತರಲ್ಲಿ ಶಾಲೆಗೆ ಹೋಗುವುದಾ?"
ನಗಲು ನೋಡಿದರು. ಆಗಲಿಲ್ಲ.
"ಅವರ ಭಾಷೆ ನನಗೆ ಪೂರಾ ತಿಳಿಯುವುದಿಲ್ಲ, ನೀನು ಬಂದರೆ..."
ಎಂದರು, ಪ್ರಿಂಟರಿನ ಮುಖ ನೋಡುತ್ತ.

ಮುಳ್ಳೇರಿಯದಿಂದ ಮೊದಲ ಬಸ್ಸು. ನಡುವೆ ಒಂದು ಕೊಡೆ.
ಹದಿನಾಲ್ಕು ವರ್ಷ ನಾವು ಆಡದ ಮಾತು
ಆ ಕೊಡೆಯ ಹಾಗೇ ಮಡಚಿಕೊಂಡು ಕೂತಿತ್ತು.

ಪೊಲೀಸ್ ಕ್ಯಾಂಪಿನ ತಗಡಿನ ಹಾಲು. ಮೂವತ್ತು ಕುರ್ಚಿ, ಎರಡು ಫ್ಯಾನು.
ತೋಟೆ ಖಾಲಿ ಎಂದು ಯಾವ ಕೋವಿಯನ್ನೂ ನಂಬಬೇಡಿ.
ಗುರಿ ಖಾತ್ರಿಯಾಗುವ ತನಕ ಬೆರಳು ಹೊರಗಿರಲಿ.
ಬೇಲಿ ದಾಟುವ ಮೊದಲು ಕೋವಿ ಮಡಚಿ.
ನಾನು ಪಿಸುಗುಟ್ಟುತ್ತ ಹೋದೆ, ಅವರು ತಲೆಯಾಡಿಸುತ್ತ.
ಹಿಂದಿನ ಸಾಲಿನ ಹುಡುಗನೊಬ್ಬ: "ಹಂದಿಗೆ ಯಾವಾಗ ಕ್ಲಾಸು, ಸಾರ್?"
ಎಲ್ಲರೂ ನಕ್ಕರು. ಇನ್ನೊಬ್ಬ, ಬೋವಿಕ್ಕಾನದ ಕಡೆಯವನಿರಬೇಕು,
ನಗದೆ ಹೇಳಿದ:
"ಇಪ್ಪತ್ತು ಸೆಂಟು ಬಾಳೆ ಒಂದೇ ರಾತ್ರಿಯಲ್ಲಿ ಹೋಯಿತು.
ಸರಕಾರಕ್ಕೆ ನನ್ನ ಬಾಳೆಗಿಂತ ನನ್ನ ಹಾಜರಿ ಮುಖ್ಯವಾಯಿತಲ್ಲ."
ಅದೂ ಸುಳ್ಳಲ್ಲ. ಅವನ ಅಂಗೈ ನೋಡಿದೆ.

ಆಮೇಲೆ ಇನ್ಸ್‌ಪೆಕ್ಟರು ಹೇಳಿದ್ದು:
ಮೊಲದ, ಬೆಕ್ಕಿನ, ಕಡವೆಯ ಕಣ್ಣು ಟಾರ್ಚಿಗೆ ಹೊಳೆಯುತ್ತದೆ,
ಹಂದಿಯದು ಹಾಗೆ ಹೊಳೆಯುವುದಿಲ್ಲ.
ಕತ್ತಲಲ್ಲಿ ಕೆಂಪು ಚುಕ್ಕೆ ಕಂಡರೆ
ಹಂದಿ ಎಂದುಕೊಳ್ಳಬೇಡಿ.

ಇದನ್ನು ಕನ್ನಡಕ್ಕೆ ತರಲು ನನಗೆ ತುಸು ಹೊತ್ತು ಹಿಡಿಯಿತು.

ಅಪ್ಪ ಬೆಳಗಿನ ಜಾವ ರಬ್ಬರು ಕೆತ್ತಲು ಹೋಗುತ್ತಿದ್ದ.
ಸೆಲ್ಲು ಉಳಿಸಲಿಕ್ಕೆ ತಲೆದೀಪ ಆರಿಸಿ
ಮರದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು
ಬೀಡಿ ಎಳೆಯುವುದು ಅವನ ರೂಢಿ.
ಕೋವಿ ರೈಗಳ ಅಣ್ಣನದು, ಕಾಗದವಿಲ್ಲದ್ದು.
ಮಂಜಿನಲ್ಲಿ ಟಾರ್ಚು ಹಿಡಿದು ಪಕ್ಕದಲ್ಲಿ ನಿಂತವರು ಇವರು.
ಅಣ್ಣ ಜೈಲಿನಲ್ಲೇ ತೀರಿಕೊಂಡರು.
ಒಂದು ಬೀಡಿಯ ಕಿಡಿ. ಒಂದು ಸಾಲಿನ ಪಾಠ,
ಚಹಾ ಸೇರಿಸಿ ಅರ್ಧ ದಿನ.
ಆಗ ಯಾರೂ ಅದನ್ನು ಕಡ್ಡಾಯ ಮಾಡಿರಲಿಲ್ಲ.
ಮಾಡಿದ್ದರೂ ಕಾಗದವಿಲ್ಲದ ಕೋವಿ
ಕ್ಲಾಸಿಗೆ ಬರುತ್ತಿತ್ತಾ? ಗೊತ್ತಿಲ್ಲ.

ಪ್ರಶ್ನೆ ಏನಾದರೂ ಉಂಟಾ ಎಂದಾಗ ರೈಗಳು ಎದ್ದು ನಿಂತರು.
"ಗುಂಡು ಬಿಡುವ ಮೊದಲು ಒಂದು ಹೆಸರು ಕರೆಯಬೇಕು. ಅದನ್ನೂ ಬರೆಸಿ.
ಮನುಷ್ಯನಾದರೆ ಓಗೊಡುತ್ತಾನೆ.
ಐತ್ತಪ್ಪಾ ಅಂತ ಒಮ್ಮೆ ಕರೆದಿದ್ದರೆ ಸಾಕಿತ್ತು."
ಮಲಯಾಳಕ್ಕೆ ತಂದೆ. ಹೆಸರಿಗೆ ಅನುವಾದ ಬೇಕಾಗಲಿಲ್ಲ.
"ಕರೆದರೆ ಹಂದಿ ಓಡುತ್ತದಲ್ಲ?" ಅಂದರು ಇನ್ಸ್‌ಪೆಕ್ಟರು.
"ಓಡಲಿ."
"ಓಡಟ್ಟೆ," ಅಂದೆ ನಾನು.
ಈ ಸಲ ಯಾರೂ ನಗಲಿಲ್ಲ.
ಅವರು ಅದನ್ನು ಬರೆದುಕೊಳ್ಳಲೂ ಇಲ್ಲ.

ಸರ್ಟಿಫಿಕೇಟಿನಲ್ಲಿ ದೂಮಣ್ಣನ ಒಂದು ಣ ಬಿಟ್ಟುಹೋಗಿತ್ತು.
ತಿದ್ದಲು ಬೇರೆ ಅರ್ಜಿ ಬೇಕು ಎಂದೆ. ಇರಲಿ ಬಿಡು ಎಂದರು.
ಲ್ಯಾಮಿನೇಶನ್ನಿಗೆ ಇಪ್ಪತ್ತು ರೂಪಾಯಿ.
ತೆಗೆದುಕೊಂಡೆ. ಚಿಲ್ಲರೆ ಎಣಿಸಿ ಕೊಟ್ಟೆ.

ದೀಪಾವಳಿ ಕಳೆದು ಮೂರನೆಯ ರಾತ್ರಿ
ನಮ್ಮ ಮರಗೆಣಸಿನ ಆಚೆಯಿಂದ ಯಾರೋ ಕರೆದರು:
ಐತ್ತಪ್ಪಾ.
ಕೂಗಿದ್ದಲ್ಲ, ಪಕ್ಕದ ಕೋಣೆಯವನನ್ನು ಎಬ್ಬಿಸುವಷ್ಟೇ ದನಿ.
ಅಮ್ಮ ಚಾಪೆಯಲ್ಲಿ ಎದ್ದು ಕೂತಳು.
ಓ ಎನ್ನಲು ಬಾಯಿ ತೆರೆದು,
ಹಾಗೇ ಮುಚ್ಚಿದಳು.
ಎಲೆಗಳ ನಡುವೆ ಭಾರವಾದ್ದೇನೋ
ಗೇರುಗುಡ್ಡೆಯ ಕಡೆಗೆ ಓಡಿತು.
ಗುಂಡಿನ ಸದ್ದಿಗೆ ಕಾದೆವು.
ಬೆಳಗಾಯಿತು.
ಎರಡು ಸಾಲು ಗೆಣಸು ಹೋಗಿತ್ತು.